ಶ್ರೀಶೈಲದ ಪಾದಯಾತ್ರೆ: ಬೆನ್ನಿಗೆ ಹಗುರಾದ ನೆರಳು ಯಾವುದು, ಕಾಲಿಗೆ ಒಗ್ಗುವ ದಾರಿ ಯಾವುದು?

ಅಕ್ಕಲಕೋಟೆ ತಾಲ್ಲೂಕಿನವ

ಎಲ್ಲರಿಗೂ ಶರಣು ಶರಣಾರ್ಥಿಗಳು. ನಮ್ಮ ಸೊಲ್ಲಾಪುರ ಜಿಲ್ಲೆಯಿಂದ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರಲ್ಲಿ ಹೆಚ್ಚಿನವರು ಹೆಗಲ ಮೇಲೆ ಹೊರುವ ದೇವರ ಕಂಬಿಯ ಜೊತೆಗೆ ಹೋಗುತ್ತಾರೆ. ಅವರ ಹಿಂದೆ ಒಂದು ಟೆಂಪೋ ಅಥವಾ ಟ್ರ್ಯಾಕ್ಟರ್ ಇರುತ್ತದೆ. ಹಾಸಿಗೆ, ಪಾತ್ರೆ, ತಾಡಪತ್ರಿ (ಟಾರ್ಪಾಲಿನ್) ಎಲ್ಲವೂ ಅದರಲ್ಲೇ ಸಾಗುತ್ತವೆ. ನಾವು ನಾಲ್ವರು ಮಾತ್ರ ಗಾಡಿಯಿಲ್ಲದೆ, ಬೇಕಾದುದನ್ನೆಲ್ಲ ಹೊತ್ತುಕೊಂಡೇ ಹೋಗುವವರು. ಕಲಬುರಗಿ, ಯಾದಗಿರಿ, ರಾಯಚೂರು, ಕರ್ನೂಲು, ಆತ್ಮಕೂರು ಎಂದು ಲೆಕ್ಕ ಹಾಕಿದರೆ ಸುಮಾರು 450 ಕಿಲೋಮೀಟರ್ ಆಗುತ್ತದೆ. ದಿನಕ್ಕೆ 25 ಕಿಲೋಮೀಟರಿನಂತೆ ನಡೆದರೆ ಹದಿನೆಂಟು ದಿನ ಬೇಕು.

2024ರಲ್ಲಿ ಒಮ್ಮೆ ಹೀಗೆ ಹೋಗಿದ್ದೆವು. ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ ಬಂದಿತ್ತು. ಅಂಗಡಿಯವರ ಮಾತು ನಂಬಿ ನಾನು ಇಬ್ಬರು ಮಲಗುವ ಗುಮ್ಮಟದ ಆಕಾರದ ಟೆಂಟೊಂದನ್ನು ಕೊಂಡಿದ್ದೆ; ಅದರ ತೂಕ 2 ಕೆ.ಜಿ. 800 ಗ್ರಾಂ. ಊರು ಬಿಟ್ಟು ರಾಯಚೂರು ಮುಟ್ಟುವವರೆಗಿನ ಒಂಬತ್ತು ರಾತ್ರಿಗಳಲ್ಲಿ ಅದನ್ನು ಬಿಚ್ಚಿದ್ದು ಎರಡೇ ಸಲ. ಉಳಿದ ಏಳು ರಾತ್ರಿ ಗುಡಿಯ ಕಟ್ಟೆ, ಶಾಲೆಯ ಪಡಸಾಲೆ, ದಾಸೋಹದ ಪೆಂಡಾಲು ಹೀಗೆ ಎಲ್ಲಾದರೂ ಒಂದು ಕಡೆ ಜಾಗ ಸಿಕ್ಕಿತು. ಯುಗಾದಿಯ ದಿನಗಳಲ್ಲಿ ಶ್ರೀಶೈಲದ ಮಲ್ಲಯ್ಯನ, ಅಂದರೆ ಮಲ್ಲಿಕಾರ್ಜುನನ, ಕಡೆಗೆ ಹೊರಟವರನ್ನು ಈ ಸೀಮೆಯಲ್ಲಿ ಯಾರೂ ಬಯಲಲ್ಲಿ ಮಲಗಲು ಬಿಡುವುದಿಲ್ಲ.

ನಮಗೆ ಕಷ್ಟವಾದದ್ದು ಹಗಲಿನಲ್ಲಿ. ಬೆಳಗಿನ ಜಾವ ಮೂರೂವರೆಗೆ ಹೊರಟು ಹತ್ತೂವರೆಗೆ ನಿಲ್ಲಿಸುತ್ತಿದ್ದೆವು. ಸಂಜೆ ನಾಲ್ಕೂವರೆಯವರೆಗೆ ಮತ್ತೆ ನಡೆಯುವಂತಿರಲಿಲ್ಲ. ಆ ಆರು ಗಂಟೆ ಎಲ್ಲಿ ಕೂರುವುದು? ಟೆಂಟಿನೊಳಗೆ ಹೋದರೆ ಕಾದ ಹಂಚಿನ ಮೇಲೆ ಕೂತಂತಾಗುತ್ತಿತ್ತು. ಯಾದಗಿರಿ ದಾಟಿ ಸೈದಾಪುರದ ಕಡೆ ಹೋಗುವಾಗ ಒಂದು ದಿನ ಮರವೂ ಸಿಗದೆ ರಸ್ತೆಯ ಮೋರಿಯೊಳಗೆ ಬಗ್ಗಿ ಕೂತೆವು. ನಮ್ಮಲ್ಲೊಬ್ಬರಿಗೆ ಅಂದು ಸಂಜೆ ವಾಂತಿ ಶುರುವಾಗಿ ಮರುದಿನ ಏಳಲಾಗಲಿಲ್ಲ. ರಾಯಚೂರಿನಲ್ಲಿ ಆ ಟೆಂಟನ್ನು ಬಸ್ಸಿನ ಪಾರ್ಸಲ್ಲಿಗೆ ಹಾಕಿ ಊರಿಗೆ ಕಳುಹಿಸಿದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ನಮ್ಮ ಈ ನಡಿಗೆಯಲ್ಲಿ ಆಸರೆ ಬೇಕಾದದ್ದು ರಾತ್ರಿಗಿಂತ ಮಧ್ಯಾಹ್ನಕ್ಕೆ, ಮತ್ತು ದಾರಿಯನ್ನು ಆರಿಸುವಾಗ ದೂರಕ್ಕಿಂತ ಮೊದಲು ನೆರಳನ್ನು ನೋಡಬೇಕು. 2025ರಲ್ಲಿ ಹಬ್ಬ ಮಾರ್ಚ್ 30ಕ್ಕೆ, 2026ರಲ್ಲಿ ಮಾರ್ಚ್ 19ಕ್ಕೆ ಬಂತು. ಆದರೆ 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಮುಂದಿನ ಯುಗಾದಿ ಮತ್ತೆ ಏಪ್ರಿಲ್ಲಿಗೆ ಸರಿಯುತ್ತದೆ. ಅದಕ್ಕೆ ಈಗಿನಿಂದಲೇ ಕೇಳುತ್ತಿದ್ದೇನೆ. ಎಂಥ ತಾಡಪತ್ರಿ ಒಳ್ಳೆಯದು? ರಾಯಚೂರಿನಿಂದ ಕರ್ನೂಲಿಗೆ ಯಾವ ಕಡೆಯಿಂದ ಹೋಗಬೇಕು? ಆತ್ಮಕೂರಿನಿಂದ ಮುಂದೆ ಕಾಡಿನ ಕಾಲುದಾರಿಯೋ, ಡಾಂಬರು ರಸ್ತೆಯೋ?

ರಾಯದುರ್ಗದ ಚಾರಣಿಗ

ಅಣ್ಣನವರು ಬರೆದದ್ದನ್ನು ಪೂರ್ತಿ ಒಪ್ಪುತ್ತೇನೆ. ಅನಂತಪುರ ಜಿಲ್ಲೆಯ ಬಿಸಿಲಲ್ಲೇ ಬೆಳೆದವನಾದ್ದರಿಂದ ನೆರಳು ಕಟ್ಟುವ ವಿಷಯದಲ್ಲಿ ತಿಳಿದದ್ದನ್ನು ಹೇಳುತ್ತೇನೆ.

ತೂಕದ ಲೆಕ್ಕ ಸುಲಭ. ತಾಡಪತ್ರಿಯ ಮೇಲೆ ಬರೆದಿರುವ ಜಿ.ಎಸ್.ಎಂ. ಎಂಬುದು ಒಂದು ಚದರ ಮೀಟರಿನ ತೂಕ. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ಹಾಳೆ ಹತ್ತು ಚದರ ಮೀಟರ್ ಇರುತ್ತದೆ. ಹೊಲದಲ್ಲಿ ರಾಶಿ ಮುಚ್ಚಲು ಬಳಸುವ 120 ಜಿ.ಎಸ್.ಎಂ. ಹಾಳೆಯಾದರೆ ಒಂದು ಕೆ.ಜಿ. ಇನ್ನೂರು ಗ್ರಾಂ, 70ರದ್ದಾದರೆ ಏಳುನೂರು ಗ್ರಾಂ. ಚಾರಣಕ್ಕೆಂದು ಮಾಡಿದ ಸಿಲಿಕೋನ್ ಲೇಪದ ನೈಲಾನ್ ಹಾಳೆ ಅದೇ ಅಳತೆಗೆ ಐನೂರೈವತ್ತರ ಆಸುಪಾಸು ತೂಗುತ್ತದೆ, ಆದರೆ ಬೆಲೆ ಹಲವು ಪಟ್ಟು. ನೂರೈವತ್ತು ಗ್ರಾಂ ಉಳಿಸಲು ಅಷ್ಟು ಹಣ ಕೊಡುವುದು ನಿಮ್ಮ ನಡಿಗೆಗೆ ಅಗತ್ಯವೆಂದು ನನಗನಿಸುವುದಿಲ್ಲ. ಕೊಳ್ಳಲೇಬೇಕೆಂದಿದ್ದರೆ ನೈಲಾನಿನ ಬದಲು ಪಾಲಿಯೆಸ್ಟರ್ ಕೊಳ್ಳಿರಿ. ನೈಲಾನ್ ಬಟ್ಟೆ ತೇವವಾದಾಗ ಹಿಗ್ಗಿ ಜೋತು ಬೀಳುತ್ತದೆ, ರಾತ್ರಿ ಎದ್ದು ಹಗ್ಗ ಬಿಗಿಯಬೇಕಾಗುತ್ತದೆ.

ತೂಕಕ್ಕಿಂತ ಕಟ್ಟುವ ಕ್ರಮವೇ ಮುಖ್ಯ. ಏಪ್ರಿಲ್ ಮೊದಲ ವಾರದಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯನು ಮಧ್ಯಾಹ್ನ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ಆ ಹೊತ್ತಿಗೆ ಗೋಡೆಯ ಪಕ್ಕದಲ್ಲಿ ನೆರಳಿರುವುದಿಲ್ಲ, ಇಳಿಜಾರಾಗಿ ಕಟ್ಟಿದ ಹಾಳೆಯಿಂದಲೂ ಪ್ರಯೋಜನವಿಲ್ಲ. ಹಾಳೆಯನ್ನು ಎದೆಯೆತ್ತರಕ್ಕೆ ಚಪ್ಪರದಂತೆ ಸಮವಾಗಿ ಕಟ್ಟಬೇಕು. ನಾಲ್ಕೂ ಕಡೆ ಗಾಳಿಯಾಡಬೇಕು. ಎರಡು ಗಂಟೆಯ ನಂತರ ಪಡುವಣದ ಅಂಚನ್ನು ಮಾತ್ರ ಕೆಳಗಿಳಿಸಿದರೆ ಸಂಜೆಯವರೆಗೆ ನೆರಳು ಉಳಿಯುತ್ತದೆ.

ಇನ್ನೊಂದು ಸಂಗತಿ. ಒಂದೇ ಪದರದ ಪ್ಲಾಸ್ಟಿಕ್ ಬಿಸಿಲಿಗೆ ತಾನೇ ಕಾದು ಕೆಳಗೆ ಕೂತವರ ತಲೆಯ ಮೇಲೆ ಝಳ ಸುರಿಸುತ್ತದೆ. ನಿಮ್ಮ ಬಳಿ ಹೇಗೂ ದೋತರ ಇರುತ್ತದೆ. ಅದನ್ನು ತಾಡಪತ್ರಿಗಿಂತ ಒಂದು ಗೇಣು ಕೆಳಗೆ, ಅದೇ ಕೋಲುಗಳಿಗೆ ಅಡ್ಡಲಾಗಿ ಕಟ್ಟಿರಿ. ಎರಡರ ನಡುವೆ ಗಾಳಿ ಹರಿದಾಡುವಷ್ಟು ಜಾಗವಿದ್ದರೆ ಝಳ ದೋತರದ ಮೇಲೆಯೇ ನಿಲ್ಲುತ್ತದೆ. ಇದಕ್ಕೆ ಒಂದು ಗ್ರಾಂ ಕೂಡ ಹೆಚ್ಚು ಹೊರಬೇಕಾಗಿಲ್ಲ. ಬಣ್ಣದ ವಿಷಯದಲ್ಲಿ, ಒಂದು ಮೈ ಬೆಳ್ಳಿಯ ಬಣ್ಣವಿರುವ ಹಾಳೆ ಸಿಕ್ಕರೆ ಆ ಮೈಯನ್ನು ಮೇಲೆ ಮಾಡಿ ಕಟ್ಟಿರಿ.

ಅಗ್ಗದ ಹಾಳೆಗಳ ಅಂಚಿನ ಲೋಹದ ಬಳೆಗಳು ಮೊದಲ ಗಾಳಿಗೇ ಕಿತ್ತು ಬರುತ್ತವೆ. ಅವುಗಳನ್ನು ನಂಬಬೇಡಿರಿ. ನಿಂಬೆಹಣ್ಣಿನ ಗಾತ್ರದ ನುಣುಪಾದ ಕಲ್ಲನ್ನು ಹಾಳೆಯ ಮೂಲೆಯೊಳಗಿಟ್ಟು, ಹಾಳೆಯನ್ನು ಅದರ ಸುತ್ತ ಮಡಿಸಿ, ಕಲ್ಲಿನ ಕುತ್ತಿಗೆಗೆ ಜೀರುಗುಣಿಕೆ ಹಾಕಿದರೆ ಹಾಳೆ ಹರಿದರೂ ಹಗ್ಗ ಬಿಡುವುದಿಲ್ಲ. ಎರೆ ಭೂಮಿಯಲ್ಲಿ ಬೇಸಿಗೆಯ ಬಿರುಕು ಬಿಟ್ಟಿರುವಾಗ ಗೂಟ ನಿಲ್ಲುವುದಿಲ್ಲ. ಒಂದು ಚಿಕ್ಕ ಬಟ್ಟೆಯ ಚೀಲಕ್ಕೆ ಹೆಂಟೆ ತುಂಬಿ, ಹಗ್ಗ ಕಟ್ಟಿ, ಅದನ್ನು ಬಿರುಕಿನೊಳಗೆ ಅಡ್ಡ ಇಳಿಸಿ ಮೇಲೆ ಮಣ್ಣು ತುಳಿದರೆ ಗೂಟಕ್ಕಿಂತ ಗಟ್ಟಿಯಾಗಿ ಹಿಡಿಯುತ್ತದೆ.

ಜತ್ತ ತಾಲ್ಲೂಕಿನ ಹಿರಿಯ

ಸಾಂಗಲಿ ಜಿಲ್ಲೆಯ ಜತ್ತ ಕಡೆಯಿಂದ ನಾನು ಹನ್ನೊಂದು ಸಲ ನಡೆದು ಹೋಗಿದ್ದೇನೆ. ಪಂಢರಪುರದ ವಾರಿಯನ್ನೂ ಮಾಡಿದ್ದೇನೆ. ಎರಡೂ ನಡಿಗೆಯೇ ಆದರೂ ಪಂಢರಿಯ ದಾರಿಯಲ್ಲಿ ದಿಂಡಿಯ, ಅಂದರೆ ಯಾತ್ರಿಕರ ತಂಡದ, ಲಾರಿಯೇ ಮುಂದೆ ಹೋಗಿ ತಂಬು ಹೊಡೆದಿರುತ್ತದೆ. ಅದು ಆಷಾಢ, ಮೇಲಿನಿಂದ ಬರುವ ನೀರನ್ನು ತಡೆದರೆ ಸಾಕು. ಶ್ರೀಶೈಲದ ದಾರಿಯಲ್ಲಿ ತಡೆಯಬೇಕಾದದ್ದು ಬಿಸಿಲನ್ನು. ಅಲ್ಲಿ ಕಲಿತದ್ದು ಇಲ್ಲಿಗೆ ನಡೆಯುವುದಿಲ್ಲ.

ನಮ್ಮ ಕಾಲದಲ್ಲಿ ಕಂಬಳಿಯೊಂದಿದ್ದರೆ ಮುಗಿಯಿತು. ಹಾಸಲು, ಹೊದೆಯಲು, ಮಳೆ ಬಂದರೆ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಳ್ಳಲು, ಎಲ್ಲಕ್ಕೂ ಅದೇ. ಹಾಗಿದ್ದರೂ ಪ್ರಾಮಾಣಿಕವಾಗಿ ಹೇಳುತ್ತೇನೆ, ಎರಡು ಕೆ.ಜಿ.ಗೂ ಮೀರುವ ಕಂಬಳಿಯನ್ನು ಈ ಕಾಲದಲ್ಲಿ ಹೊರಬೇಕಾಗಿಲ್ಲ. ಸೊಲ್ಲಾಪುರದ ಚಾದರ ಕೂಡ ಬೇಡ. ನಿಮ್ಮ ಊರಿನ ಹೆಮ್ಮೆಯ ವಸ್ತುವೇ ಹೌದು, ಆದರೆ ಆ ದಪ್ಪ ಹತ್ತಿಯ ನೇಯ್ಗೆ ಒಮ್ಮೆ ನೆನೆದರೆ ಮಧ್ಯಾಹ್ನದವರೆಗೆ ಆರುವುದಿಲ್ಲ, ಅಲ್ಲಿಯವರೆಗೆ ಅದರ ನೀರನ್ನೂ ನೀವೇ ಹೊರಬೇಕು. ತೆಳುವಾದ ಒಂದು ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಹೊಲಿಸಿಕೊಂಡರೆ ಹೊದಿಕೆಗೆ ಅದೇ ಸಾಕು.

ದಾರಿಯ ಬಗ್ಗೆ ನನ್ನದೊಂದು ಮಾತಿದೆ. ಹೆದ್ದಾರಿ ಅಗಲವಾದ ಕಡೆಗಳಲ್ಲೆಲ್ಲ ಹಳೆಯ ಹುಣಸೆ, ಬೇವಿನ ಮರಗಳು ಹೋದವು. ಆದರೆ ಊರಿಂದ ಊರಿಗೆ ಹೋಗುವ ಹಳೆಯ ರಸ್ತೆಗಳು ಅನೇಕ ಕಡೆ ಹೆದ್ದಾರಿಯಿಂದ ಒಂದೆರಡು ಕಿಲೋಮೀಟರ್ ಒಳಗೆ ಇನ್ನೂ ಇವೆ. ದಿನಕ್ಕೆ ಎರಡು ಮೂರು ಕಿಲೋಮೀಟರ್ ಹೆಚ್ಚಾದರೂ ನಾನು ಅವುಗಳಲ್ಲೇ ನಡೆಯುತ್ತೇನೆ. ಮರದ ಕೆಳಗೆ ಕೂರುವಾಗ ಕಟ್ಟುವ ಬಿಚ್ಚುವ ಕೆಲಸವೇ ಇಲ್ಲ, ಮತ್ತು ಮರವಿದ್ದಲ್ಲಿ ಹೆಚ್ಚಾಗಿ ಬಾವಿಯೋ ಬೋರಿನ ನಲ್ಲಿಯೋ ಇರುತ್ತದೆ. ಎರಡು ಲೀಟರ್ ನೀರೆಂದರೆ ಎರಡು ಕೆ.ಜಿ.; ನೀರು ಸಿಗುವ ದಾರಿಯಲ್ಲಿ ಅದರ ಅರ್ಧವನ್ನು ಹೊತ್ತರೆ ಸಾಕು. ತಾಡಪತ್ರಿಯಲ್ಲಿ ಉಳಿಸುವುದಕ್ಕಿಂತ ಹೆಚ್ಚು ತೂಕವನ್ನು ದಾರಿಯಲ್ಲಿ ಉಳಿಸಬಹುದು.

ಒಂದು ಎಚ್ಚರಿಕೆ ಮಾತ್ರ ಇರಲಿ. ಯುಗಾದಿಯ ಮುಂಚೆ ಸಂಜೆ ಹೊತ್ತು ಗುಡುಗು ಮಿಂಚಿನ ಗಾಳಿಮಳೆ, ಆಣೆಕಲ್ಲು ಬರುವುದುಂಟು. ಆಗ ಬಯಲಿನ ಒಂಟಿ ಬೇವಿನ ಮರವನ್ನು ಬಿಟ್ಟು ಊರು ಸೇರಿರಿ.

ಆದೋನಿಯ ದಾದಿ

ಅಪ್ಪಾಜಿ, ಅಣ್ಣಂದಿರೇ, ನಾವು ಆರು ಜನ ಹೆಂಗಸರು 2025ರಲ್ಲಿ ಆದೋನಿಯಿಂದ ನಡೆದು ಹೋಗಿದ್ದೆವು. ನಾಲ್ಕು ಕಡೆ ತೆರೆದ ಚಪ್ಪರ ಮಧ್ಯಾಹ್ನಕ್ಕೆ ಸರಿ, ಆದರೆ ನಮಗೆ ಬಟ್ಟೆ ಬದಲಿಸಲು ಒಂದು ಮರೆ ಬೇಕೇ ಬೇಕು. ಹನ್ನೆರಡು ಅಡಿಯ ಹಾಳೆಯನ್ನು ಗುಡಿಯ ಗೋಡೆಗೆ ತಾಗಿಸಿ ನಡುವೆ ಕೋಲೊಂದನ್ನು ಕೊಟ್ಟು ಎರಡೂ ಬದಿ ನೆಲ ಮುಟ್ಟುವಂತೆ ಇಳಿಬಿಟ್ಟರೆ ಇಬ್ಬರು ನಿಲ್ಲುವಷ್ಟು ಮರೆಯಾಗುತ್ತದೆ. ತೆಳು ನೀಲಿ ಹಾಳೆಯಲ್ಲಿ ದೀಪ ಹಚ್ಚಿದರೆ ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಹೆಂಗಸರು ಹೊರಡುವುದಾದರೆ ಬೆಳಕು ಹಾಯದ ಹಾಳೆಯನ್ನೇ ಕೊಳ್ಳಬೇಕು, ನೂರು ಗ್ರಾಂ ಹೆಚ್ಚಾದರೂ ಚಿಂತೆಯಿಲ್ಲ.

ಇನ್ನು, ಇದುವರೆಗೆ ಯಾರೂ ಸೊಳ್ಳೆ ಪರದೆಯ ಮಾತೆತ್ತಲಿಲ್ಲ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಆದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ. ಕಟ್ಟುಹಾವು ರಾತ್ರಿ ಹೊತ್ತು ನೆಲದ ಮೇಲೆ ಮಲಗಿದವರನ್ನೇ ಹೆಚ್ಚಾಗಿ ಕಚ್ಚುತ್ತದೆ. ಕಚ್ಚಿದ್ದು ಅನೇಕರಿಗೆ ಗೊತ್ತೇ ಆಗುವುದಿಲ್ಲ. ನೋವಿರುವುದಿಲ್ಲ, ಬಾವು ಬರುವುದಿಲ್ಲ. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು ಶುರುವಾದರೆ ಒಂದು ಕ್ಷಣವೂ ತಡಮಾಡದೆ ವಿಷಕ್ಕೆ ಪ್ರತಿವಿಷ ಕೊಡುವ ಆಸ್ಪತ್ರೆಗೆ ಒಯ್ಯಬೇಕು. ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿದ ಸೊಳ್ಳೆ ಪರದೆ ಹಾವನ್ನೂ ಚೇಳನ್ನೂ ತಡೆಯುತ್ತದೆ. ಒಬ್ಬರ ಪರದೆ ಮುನ್ನೂರು ಗ್ರಾಂ. ಗುಡಿಯ ಕಟ್ಟೆಯಲ್ಲಿ ಮಲಗುತ್ತೇವೆ, ಬೇಡ ಎಂದು ಯಾರೂ ಬಿಟ್ಟು ಹೋಗಬೇಡಿರಿ. ಕಟ್ಟೆಯ ಕಲ್ಲಿನ ಸಂದು ಹಾವಿನ ಮನೆಯೇ.

ದಾರಿಯ ವಿಷಯದಲ್ಲಿ, ರಾಯಚೂರಿನಿಂದ ನೀವು ಮಂತ್ರಾಲಯದ ಕಡೆ ಬರಬೇಕೆಂದು ನನ್ನ ಆಸೆ. ಅಲ್ಲಿ ತುಂಗಭದ್ರೆಯನ್ನು ದಾಟಿ ಎಮ್ಮಿಗನೂರು, ಕೋಡುಮೂರು ಮೇಲಿಂದ ಕರ್ನೂಲು ಸೇರಬಹುದು. ಎಮ್ಮಿಗನೂರಿನವರೆಗೂ ಕನ್ನಡ ಬಲ್ಲವರು ಸಿಗುತ್ತಾರೆ. ನೀರು ಕೇಳಲು, ಮಲಗುವ ಜಾಗ ಕೇಳಲು ಅದು ದೊಡ್ಡ ಬಲ. ಮಂತ್ರಾಲಯದಲ್ಲಿ ಊಟ, ವಸತಿ ಎರಡೂ ಇರುವುದರಿಂದ ಒಂದು ದಿನ ನಿಂತು ಕಾಲಿಗೆ ವಿಶ್ರಾಂತಿಯನ್ನೂ ಕೊಡಬಹುದು.

ಅಕ್ಕಲಕೋಟೆ ತಾಲ್ಲೂಕಿನವ

ಅಕ್ಕನವರೇ, ಪರದೆಯ ಮಾತನ್ನು ಬರೆದಿಟ್ಟುಕೊಂಡೆ. ನಾವು 2024ರಲ್ಲಿ ಪರದೆಯಿಲ್ಲದೆಯೇ ಮಲಗಿದ್ದೆವೆಂದು ಈಗ ನೆನೆದರೆ ಭಯವಾಗುತ್ತದೆ. ನಮ್ಮಲ್ಲೊಬ್ಬರಿಗೆ ಆಲಂಪುರವನ್ನು ನೋಡಬೇಕೆಂಬ ಹಂಬಲವಿದೆ. ಗದ್ವಾಲದ ಕಡೆಯಿಂದ ಹೋದರೆ ಹೇಗೆ?

ಕರ್ನೂಲಿನಲ್ಲಿ ನೆಲೆಸಿದ ಕನ್ನಡಿಗ

ಆಲಂಪುರಕ್ಕೆ ಹೋಗಬೇಕೆನ್ನುವವರನ್ನು ತಡೆಯಲು ನನಗೆ ಮನಸ್ಸಿಲ್ಲ. ಶ್ರೀಶೈಲಕ್ಕೆ ನಾಲ್ಕು ದಿಕ್ಕಿನ ದ್ವಾರಗಳೆಂದು ಹೇಳುವಾಗ ಪೂರ್ವಕ್ಕೆ ತ್ರಿಪುರಾಂತಕ, ದಕ್ಷಿಣಕ್ಕೆ ಸಿದ್ಧವಟ, ಉತ್ತರಕ್ಕೆ ಉಮಾಮಹೇಶ್ವರ, ಪಶ್ಚಿಮಕ್ಕೆ ಆಲಂಪುರ. ಪಶ್ಚಿಮದಿಂದ ಬರುವ ನಮಗೆ ಅದೇ ಹೆಬ್ಬಾಗಿಲು. ಬಾದಾಮಿ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ಗುಡಿಗಳು ಅಲ್ಲಿವೆ. ಆದರೆ ಗದ್ವಾಲದ ದಾರಿಯಲ್ಲಿ ಊರುಗಳ ನಡುವಿನ ಅಂತರ ಹೆಚ್ಚು, ತೆಲುಗು ಬಾರದಿದ್ದರೆ ತೊಡಕಾಗುತ್ತದೆ, ಮತ್ತು ಕನ್ನಡ ಯಾತ್ರಿಕರಿಗೆಂದು ಹಾಕುವ ದಾಸೋಹಗಳು ನಾನು ಕಂಡಂತೆ ಎಮ್ಮಿಗನೂರಿನ ದಾರಿಯಲ್ಲೇ ಹೆಚ್ಚು. ಕರ್ನೂಲನ್ನು ಮುಟ್ಟಿದ ಮೇಲೆ ಒಂದು ದಿನ ಬಸ್ಸಿನಲ್ಲಿ ಆಲಂಪುರಕ್ಕೆ ಹೋಗಿ ಬರುವುದು ಮೇಲು. ಶ್ರೀಶೈಲ ಜಲಾಶಯದ ನೀರು ಇಳಿದಾಗ ಮಾತ್ರ ಮೇಲೇಳುವ ಸಂಗಮೇಶ್ವರದ ಗುಡಿಯನ್ನು ನೋಡಲು ಆತ್ಮಕೂರಿಗೆ ಮುಂಚೆ ಎಡಕ್ಕೆ ಹೊರಳುವವರೂ ಇದ್ದಾರೆ. ಅದು ನೆರಳೇ ಇಲ್ಲದ ಹಿನ್ನೀರಿನ ಬಯಲು, ನಡೆದು ಹೋಗಬೇಡಿರಿ.

ಆತ್ಮಕೂರಿನಿಂದ ಮುಂದೆ ನನ್ನ ಮಟ್ಟಿಗೆ ಕಾಲುದಾರಿಯೇ ದಾರಿ. ವೆಂಕಟಾಪುರದಿಂದ ಕಾಡು ಹೊಕ್ಕು ನಾಗಲೂಟಿಯ ವೀರಭದ್ರನ ಗುಡಿ, ಪೆಚ್ಚೆರುವು, ಭೀಮುನಿ ಕೊಲನು, ಕೈಲಾಸದ್ವಾರ, ಹಾಟಕೇಶ್ವರ ಎಂದು ಹೋಗುತ್ತದೆ. ಇದು ಹುಲಿ ಸಂರಕ್ಷಿತ ಅರಣ್ಯ. ಶಿವರಾತ್ರಿ ಮತ್ತು ಯುಗಾದಿಯ ದಿನಗಳಲ್ಲಿ ಮಾತ್ರ ಅರಣ್ಯ ಇಲಾಖೆ ಯಾತ್ರಿಕರಿಗೆ ಬಿಡುತ್ತದೆ. ಹೊರಡುವ ಮೊದಲು ಆ ವರ್ಷದ ದಿನಾಂಕಗಳನ್ನು ಆತ್ಮಕೂರಿನಲ್ಲಿ ಕೇಳಿಯೇ ಮುಂದುವರಿಯಿರಿ. ಕಾಡಿನೊಳಗೆ ಕಂಡಲ್ಲಿ ತಾಡಪತ್ರಿ ಕಟ್ಟುವಂತಿಲ್ಲ. ಜನ ತಂಗುವ ಕಡೆಯಲ್ಲೇ ತಂಗಬೇಕು. ಒಲೆ ಹಚ್ಚುವಂತಿಲ್ಲ, ಏಕೆಂದರೆ ಆ ತಿಂಗಳಲ್ಲಿ ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು.

ಚಂದ್ರನ ಲೆಕ್ಕವನ್ನೂ ನೋಡಿಕೊಳ್ಳಿರಿ. ಯುಗಾದಿ ಬರುವುದು ಅಮಾವಾಸ್ಯೆಯ ಮರುದಿನ. ನೀವು ಹದಿನೆಂಟು ದಿನ ಮುಂಚೆ ಹೊರಟರೆ ಹೋಳಿ ಹುಣ್ಣಿಮೆಯ ಬೆಳದಿಂಗಳು ಬಯಲು ಸೀಮೆಯಲ್ಲೇ ಮುಗಿದಿರುತ್ತದೆ. ಕಾಡನ್ನು ಹೊಗುವ ಹೊತ್ತಿಗೆ ಕಗ್ಗತ್ತಲೆ. ಆದ್ದರಿಂದ ಜಾವದ ಮೂರೂವರೆಗೆ ಹೊರಡುವ ನಿಮ್ಮ ಪದ್ಧತಿಯನ್ನು ಆತ್ಮಕೂರಿನಲ್ಲೇ ಬಿಡಬೇಕು. ಅಲ್ಲಿ ಕರಡಿ, ಚಿರತೆಗಳಿವೆ. ಬೆಳಕು ಹರಿದ ಮೇಲೆಯೇ ಗುಂಪಿನ ಜೊತೆಗೆ ನಡೆಯಿರಿ.

ರಾಯದುರ್ಗದ ಚಾರಣಿಗ

ಕರ್ನೂಲಿನ ಅಣ್ಣನವರ ಮಾತಿಗೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಕಾಲುದಾರಿ ಎಲ್ಲರಿಗೂ ಅಲ್ಲ. ಭೀಮುನಿ ಕೊಲನಿನ ಕಣಿವೆಗೆ ಕಲ್ಲಿನ ಮೆಟ್ಟಿಲುಗಳಲ್ಲಿ ಇಳಿದು, ಮತ್ತೆ ಅಷ್ಟನ್ನೂ ಏರಿ ಕೈಲಾಸದ್ವಾರವನ್ನು ಮುಟ್ಟಬೇಕು. ನಾನೂರು ಕಿಲೋಮೀಟರ್ ನಡೆದು ಮಂಡಿ ಬಾತವರಿಗೆ ಆ ಇಳಿತ ಏರಿಗಿಂತ ಕಠಿಣ. ಅಂಥವರಿದ್ದರೆ ದೋರ್ನಾಲದ ಘಾಟು ರಸ್ತೆಯೇ ಒಳ್ಳೆಯದು, ಅದು ದೂರವಾದರೂ ಬಸ್ಸು ಸಿಗುತ್ತದೆ. ಕಂಬಿಯವರು, ಮರಗಾಲು ಕಟ್ಟಿಕೊಂಡು ನಡೆಯುವವರು, ಹಿಂದೆ ಗಾಡಿಯಿರುವವರು ರಸ್ತೆಯನ್ನೇ ಹಿಡಿಯುವುದನ್ನು ಕಂಡಿದ್ದೇನೆ. ಆದರೆ ಡಾಂಬರು ಮಧ್ಯಾಹ್ನ ಕಾಯುವುದರಿಂದ ಅಲ್ಲಿ ಚಪ್ಪರದ ಅಗತ್ಯ ಇನ್ನೂ ಹೆಚ್ಚು. ಕಾಡಿನ ದಾರಿಯಲ್ಲಾದರೆ ಅದನ್ನು ಬಿಚ್ಚುವ ಸಂದರ್ಭ ಬರುವುದು ಕಡಿಮೆ.

ಜತ್ತ ತಾಲ್ಲೂಕಿನ ಹಿರಿಯ

ತಮ್ಮಾ, ಬಿಚ್ಚುವ ಸಂದರ್ಭ ಕಡಿಮೆ ಎಂಬ ಮಾತಿಗೇ ನನ್ನ ಸಂಕಟವಿದೆ. ಕಾಡನ್ನು ಹೊಗುವಾಗ ಇನ್ನು ಬೇಡವೆಂದು ಅನೇಕರು ನಾಗಲೂಟಿಯಲ್ಲೋ ಪೆಚ್ಚೆರುವಿನಲ್ಲೋ ತಾಡಪತ್ರಿಯನ್ನು ಎಸೆದು ಹೋಗುತ್ತಾರೆ. ಪೆಚ್ಚೆರುವಿನ ಕೆರೆಯ ದಂಡೆಯಲ್ಲಿ ನೀಲಿ ಹಾಳೆಯ ಚಿಂದಿಗಳು ಮುಳ್ಳಿಗೆ ಸಿಕ್ಕಿ ಪಟಪಟ ಹೊಡೆದುಕೊಳ್ಳುವುದನ್ನು ನಾನು ಕಣ್ಣಾರೆ ಕಂಡೆ. ಅದೇ ಕೆರೆಗೆ ಜಿಂಕೆಗಳು ನೀರಿಗೆ ಬರುತ್ತವೆ, ಅಲ್ಲಿಯೇ ಚೆಂಚು ಜನರ ಮನೆಗಳಿವೆ. ಮಲ್ಲಯ್ಯನನ್ನು ಚೆಂಚು ಮಲ್ಲಯ್ಯನೆಂದೇ ಕರೆದವರು ಅವರು. ಹೊತ್ತು ತಂದವರು ಹೊತ್ತುಕೊಂಡೇ ಹೋಗಬೇಕು. ಬೇಡವಾದರೆ ಆತ್ಮಕೂರಿನ ದಾಸೋಹದವರಿಗೆ ಕೊಡಿರಿ, ಅವರು ಮುಂದಿನ ವರ್ಷ ಪೆಂಡಾಲಿಗೆ ಬಳಸುತ್ತಾರೆ.

ಅಕ್ಕಲಕೋಟೆ ತಾಲ್ಲೂಕಿನವ

ಅಪ್ಪಾಜಿಯವರ ಮಾತಿನಂತೆಯೇ ಮಾಡುತ್ತೇವೆ. ನಿನ್ನೆ ಜೋಳ ಕಿತ್ತ ಹೊಲದಲ್ಲಿ ಹನ್ನೆರಡು ಗಂಟೆಗೆ 70 ಜಿ.ಎಸ್.ಎಂ. ಹಾಳೆಯನ್ನು ಕಟ್ಟಿ ನೋಡಿದೆವು. ಮೊದಲು ಹಾಳೆಯೊಂದನ್ನೇ ಕಟ್ಟಿ ಕೂತಾಗ ಕಾಲು ಗಂಟೆಯಲ್ಲಿ ನೆತ್ತಿ ಕಾಯತೊಡಗಿತು. ಆಮೇಲೆ ಒಂದು ಗೇಣು ಕೆಳಗೆ ದೋತರ ಕಟ್ಟಿದೆವು. ಕೈಯನ್ನು ದೋತರದ ಕೆಳಗಿಟ್ಟು, ಆಮೇಲೆ ಎರಡರ ನಡುವೆ ತೂರಿಸಿ ನೋಡಿದರೆ ವ್ಯತ್ಯಾಸ ಅಂಗೈಗೇ ತಿಳಿಯುತ್ತಿತ್ತು. ನನ್ನ ತಂದೆಯವರು ಅದರ ಕೆಳಗೆ ಮೂರು ಗಂಟೆಯವರೆಗೆ ನಿದ್ದೆ ಮಾಡಿದರು. ಹೆಂಟೆ ತುಂಬಿದ ಚೀಲಗಳಲ್ಲಿ ಮೂರು ಗಟ್ಟಿಯಾಗಿ ಹಿಡಿದವು. ನಾಲ್ಕನೆಯದನ್ನು ನಾನು ಬಿರುಕಿನೊಳಗೆ ಉದ್ದಕ್ಕೆ ಇಳಿಸಿದ್ದರಿಂದ ಗಾಳಿಗೆ ಕಿತ್ತು ಬಂತು. ಅಡ್ಡಕ್ಕೆ ಇಳಿಸಿದ ಮೇಲೆ ಜಗ್ಗಿದರೂ ಬರಲಿಲ್ಲ.

ನಾಲ್ವರಿಗೆ ಎರಡು ಹಾಳೆ ಒಂದು ಕೆ.ಜಿ. 400 ಗ್ರಾಂ, ಹಗ್ಗ ಮತ್ತು ಚೀಲಗಳು 200, ನಾಲ್ಕು ಪರದೆ ಒಂದು ಕೆ.ಜಿ. 200. ಒಟ್ಟು 2 ಕೆ.ಜಿ. 800 ಗ್ರಾಂ, ಅಂದು ನಾನೊಬ್ಬನೇ ಹೊತ್ತ ಟೆಂಟಿನ ತೂಕ. ಈಗ ತಲೆಗೆ ಏಳುನೂರು ಗ್ರಾಂ ಬೀಳುತ್ತದೆ. ಕೋಲುಗಳು ಹೇಗೂ ಕೈಯಲ್ಲಿರುತ್ತವೆ.

ದಾರಿಯೂ ನಿಶ್ಚಯವಾಯಿತು: ರಾಯಚೂರಿನಿಂದ ಮಂತ್ರಾಲಯ, ಎಮ್ಮಿಗನೂರು, ಕೋಡುಮೂರು, ಕರ್ನೂಲು. ಆತ್ಮಕೂರಿನಲ್ಲಿ ನಾಲ್ವರ ಮಂಡಿಗಳನ್ನೂ ನೋಡಿಕೊಂಡು ಕಾಡೋ ರಸ್ತೆಯೋ ಎಂದು ತೀರ್ಮಾನಿಸುತ್ತೇವೆ. ಒಬ್ಬರಿಗೆ ಆಗದಿದ್ದರೂ ನಾಲ್ವರೂ ದೋರ್ನಾಲದ ಕಡೆಗೇ. ಅಕ್ಕನವರೇ, ಕೋಡುಮೂರಿನಿಂದ ಕರ್ನೂಲಿನ ನಡುವೆ ಹಳೆಯ ರಸ್ತೆಯಲ್ಲಿ ಮರಗಳಿರುವ ಊರುಗಳ ಹೆಸರು ನಿಮಗೆ ತಿಳಿದಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಆ ಎರಡು ದಿನದ ಮಧ್ಯಾಹ್ನಗಳು ಇನ್ನೂ ಖಾಲಿ ಉಳಿದಿವೆ.